ಜೋಗದ ಫೋಟೊ ಯಾವ ಫೈಲ್‌ನಲ್ಲಿ ಉಳಿಯಬೇಕು? ಜೆಪೆಗ್, ರಾ, ಎಚ್‌ಇಐಸಿ ಬಗ್ಗೆ ತಿಳಿಯಬೇಕಾದ್ದು

ಮಳೆ ಹಿಡಿದು ಲಿಂಗನಮಕ್ಕಿ ತುಂಬುತ್ತಿದೆ ಎಂಬ ಸುದ್ದಿ ಬಂದರೆ ಸಾಕು, ಜೋಗದ ಕಡೆ ಕಾರು, ಬೈಕುಗಳು ಸಾಲು ಹಿಡಿಯುತ್ತವೆ. ಬಂದವರೆಲ್ಲರ ಬಳಿ ಒಂದು ಕ್ಯಾಮೆರಾ ಇದ್ದೇ ಇರುತ್ತದೆ, ಫೋನಿನೊಳಗಿನದ್ದೋ ಕೊರಳಿಗೆ ನೇತು ಹಾಕಿಕೊಂಡದ್ದೋ. ಗೊಂದಲ ಶುರುವಾಗುವುದು ಮನೆಗೆ ಮರಳಿದ ಮೇಲೆ. ಐಫೋನಿನಲ್ಲಿ ತೆಗೆದ ಫೋಟೊವನ್ನು ಪ್ರಿಂಟ್ ಹಾಕಿಸಲು ಶಿವಮೊಗ್ಗದ ಸ್ಟುಡಿಯೋಗೆ ಒಯ್ದರೆ ಅಲ್ಲಿನ ಕಂಪ್ಯೂಟರಿನಲ್ಲಿ ಅದು ತೆರೆಯುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಜಲಪಾತದ ಫೋಟೊ ಫೋನಿನಲ್ಲಿ ಚೆನ್ನಾಗಿ ಕಾಣುತ್ತದೆ, ದೊಡ್ಡದು ಮಾಡಿ ಗೋಡೆಗೆ ಹಾಕೋಣ ಎಂದರೆ ಮಸುಕು. ಸ್ಪರ್ಧೆಗೆ ಹಕ್ಕಿಯ ಫೋಟೊ ಕಳಿಸಿದವರಿಗೆ ‘ರಾ ಫೈಲ್ ಕೊಡಿ’ ಎಂಬ ಉತ್ತರ ಬರುತ್ತದೆ. ಕೆಲಸದ ಅರ್ಜಿಯಲ್ಲಿ ಜೆಪೆಗ್ ಮಾತ್ರ ಹಾಕಿ, ಅದೂ 50 ಕೆಬಿ ಒಳಗಿರಲಿ ಎಂದು ಬರೆದಿರುತ್ತಾರೆ.

ಇವೆಲ್ಲಕ್ಕೂ ಬೇರು ಒಂದೇ: ಫೋಟೊದ ಫೈಲ್ ಫಾರ್ಮ್ಯಾಟ್. ಕ್ಯಾಮೆರಾ ಬೆಳಕನ್ನು ಅಂಕಿಗಳಾಗಿ ಬರೆದಿಡುತ್ತದೆ. ಆ ಅಂಕಿಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು, ಉಳಿದದ್ದನ್ನು ಹೇಗೆ ಅಡಕ ಮಾಡಬೇಕು ಎಂಬುದರ ನಿಯಮವೇ ಫಾರ್ಮ್ಯಾಟ್. ಬಿಟ್ಟದ್ದು ಮತ್ತೆ ಸಿಗುವುದಿಲ್ಲ. ಹಾಗಾಗಿ ಯಾವುದನ್ನು ಬಿಡಬೇಕೆಂದು ತೀರ್ಮಾನಿಸುವವರು ಯಾರು, ಕ್ಯಾಮೆರಾವೋ ನೀವೋ, ಎಂಬುದೇ ಇಲ್ಲಿ ದೊಡ್ಡ ಪ್ರಶ್ನೆ.

ಸೆನ್ಸರ್ ಹಿಡಿಯುವುದು ಏನನ್ನು?

ಲೆನ್ಸ್ ಹಿಂದೆ ಸೆನ್ಸರ್ ಎಂಬ ಚಿಪ್ ಇರುತ್ತದೆ. ಅದರ ಮೇಲೆ ಕೋಟಿಗಟ್ಟಲೆ ಸಣ್ಣ ಸಣ್ಣ ಬೆಳಕಿನ ಗುಂಡಿಗಳು. 24 ಮೆಗಾಪಿಕ್ಸೆಲ್ ಕ್ಯಾಮೆರಾ ಎಂದರೆ ಅಡ್ಡಕ್ಕೆ 6000, ಉದ್ದಕ್ಕೆ 4000, ಒಟ್ಟು ಸುಮಾರು 2 ಕೋಟಿ 40 ಲಕ್ಷ ಗುಂಡಿಗಳು. ಪ್ರತಿಯೊಂದೂ ತನ್ನ ಮೇಲೆ ಬಿದ್ದ ಬೆಳಕು ಎಷ್ಟು ಎಂದು ಮಾತ್ರ ಅಳೆಯುತ್ತದೆ. ಬಣ್ಣ ಅದಕ್ಕೆ ಗೊತ್ತಿಲ್ಲ.

ಬಣ್ಣ ತಿಳಿಯಲು ಪ್ರತಿ ಗುಂಡಿಯ ಮೇಲೂ ಒಂದು ಬಣ್ಣದ ಪರದೆ ಇರುತ್ತದೆ. ಕೊಡಾಕ್ ಕಂಪನಿಯಲ್ಲಿದ್ದ ಬ್ರೈಸ್ ಬೇಯರ್ ಇದರ ಜೋಡಣೆಯನ್ನು ರೂಪಿಸಿದರು, 1976ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ನಾಲ್ಕು ಗುಂಡಿಗಳ ಗುಂಪಿನಲ್ಲಿ ಎರಡಕ್ಕೆ ಹಸಿರು, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ. ನಮ್ಮ ಕಣ್ಣು ಹಸಿರಿನ ಭಾಗದ ಬೆಳಕನ್ನು ಹೆಚ್ಚು ಚೆನ್ನಾಗಿ ಗುರುತಿಸುತ್ತದೆ, ಅದಕ್ಕೇ ಹಸಿರಿಗೆ ಎರಡು ಪಾಲು. ಇಂದಿನ ಬಹುತೇಕ ಕ್ಯಾಮೆರಾಗಳೂ ಫೋನುಗಳೂ ಇದೇ ತತ್ವದ ಮೇಲೆ ನಡೆಯುತ್ತವೆ.

ಅಂದರೆ ಬಟನ್ ಒತ್ತಿದ ಕ್ಷಣದಲ್ಲಿ ಕ್ಯಾಮೆರಾ ಬಳಿ ನಾವು ನೋಡುವಂಥ ಚಿತ್ರ ಇರುವುದೇ ಇಲ್ಲ. ಒಂದೊಂದು ಗುಂಡಿಯಲ್ಲಿ ಒಂದೊಂದೇ ಬಣ್ಣದ ಅಳತೆ ಇರುತ್ತದೆ. ಅಕ್ಕಪಕ್ಕದ ಅಳತೆಗಳನ್ನು ನೋಡಿ ಇಲ್ಲದ ಬಣ್ಣವನ್ನು ಲೆಕ್ಕ ಹಾಕಿ ತುಂಬಬೇಕು. ಬೆಳಕು ಹಳದಿಯೋ ನೀಲಿಯೋ ಎಂದು ಸರಿದೂಗಿಸಬೇಕು. ಕಪ್ಪು ಎಷ್ಟು ಗಾಢ, ಬಣ್ಣ ಎಷ್ಟು ಕಡು, ಅಂಚು ಎಷ್ಟು ಚೂಪು ಎಂದು ನಿರ್ಧರಿಸಬೇಕು. ಈ ಕೆಲಸ ಕ್ಯಾಮೆರಾ ಒಳಗೆ ಅಲ್ಲೇ ಮುಗಿದರೆ ಜೆಪೆಗ್. ಅಳತೆಗಳನ್ನು ಇದ್ದ ಹಾಗೆ ಉಳಿಸಿ, ಮುಂದಿನದನ್ನು ನಿಮಗೆ ಬಿಟ್ಟರೆ ರಾ.

ಅಡಿಕೆ ಬೆಳೆಯುವವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ರಾ ಎಂದರೆ ಸುಲಿದ ಹಸಿ ಅಡಿಕೆ. ಎಷ್ಟು ಬೇಯಿಸಬೇಕು, ಎಷ್ಟು ತೊಗರು ಹಾಕಬೇಕು, ಎಷ್ಟು ದಿನ ಬಿಸಿಲು ತೋರಿಸಬೇಕು, ಎಲ್ಲ ನಿಮ್ಮ ಕೈಯಲ್ಲೇ ಇದೆ. ಆದರೆ ಹಸಿ ಅಡಿಕೆಯನ್ನು ಹಾಗೇ ಮಂಡಿಗೆ ಒಯ್ಯಲು ಆಗುವುದಿಲ್ಲ. ಜೆಪೆಗ್ ಬೇಯಿಸಿ, ಬಣ್ಣ ಕೂರಿಸಿ, ಒಣಗಿಸಿದ ಕೆಂಪಡಿಕೆ. ನೇರವಾಗಿ ಮಾರಬಹುದು. ಬಣ್ಣ ಸರಿ ಬರಲಿಲ್ಲ ಎಂದರೆ ಮಾತ್ರ ಅದನ್ನು ಮತ್ತೆ ಹಸಿ ಮಾಡುವ ದಾರಿ ಇಲ್ಲ.

ಜೆಪೆಗ್ ಅಷ್ಟು ಚಿಕ್ಕದಾಗುವುದು ಹೇಗೆ?

ಲೆಕ್ಕ ನೋಡಿ. 24 ಮೆಗಾಪಿಕ್ಸೆಲ್ ಚಿತ್ರದ ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿ ಬರೆದರೆ ಫೈಲ್ 72 ಎಂಬಿ ಆಗಬೇಕು. ಕ್ಯಾಮೆರಾ ಕೊಡುವ ಒಳ್ಳೆಯ ಜೆಪೆಗ್ ಸುಮಾರು 10 ಎಂಬಿ ಇರುತ್ತದೆ. ಉಳಿದದ್ದು ಎಲ್ಲಿಗೆ ಹೋಯಿತು?

1992ರಲ್ಲಿ ಜೆಪೆಗ್ ಮಾನದಂಡವನ್ನು ರೂಪಿಸಿದವರು ಮನುಷ್ಯನ ಕಣ್ಣಿನ ಒಂದು ಗುಣವನ್ನು ಬಳಸಿಕೊಂಡರು. ಬೆಳಕಿನ ಹೆಚ್ಚುಕಡಿಮೆಯನ್ನು ನಮ್ಮ ಕಣ್ಣು ಬಹಳ ಸೂಕ್ಷ್ಮವಾಗಿ ಗುರುತಿಸುತ್ತದೆ, ಬಣ್ಣದ ಹೆಚ್ಚುಕಡಿಮೆಯನ್ನು ಅಷ್ಟಾಗಿ ಗುರುತಿಸುವುದಿಲ್ಲ. ಹಾಗಾಗಿ ಜೆಪೆಗ್ ಮೊದಲು ಬೆಳಕು, ಬಣ್ಣ ಎರಡನ್ನೂ ಬೇರೆ ಮಾಡುತ್ತದೆ. ಬೆಳಕಿನ ವಿವರವನ್ನು ಪೂರ್ತಿ ಇಟ್ಟುಕೊಂಡು, ಬಣ್ಣದ ವಿವರವನ್ನು ಸಾಮಾನ್ಯವಾಗಿ ತೆಳುಗೊಳಿಸುತ್ತದೆ. ಆಮೇಲೆ ಇಡೀ ಚಿತ್ರವನ್ನು ಅಡ್ಡಕ್ಕೆ 8, ಉದ್ದಕ್ಕೆ 8 ಚುಕ್ಕೆಗಳ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದಲ್ಲೂ ನಿಧಾನಕ್ಕೆ ಬದಲಾಗುವ ಭಾಗ ಎಷ್ಟು, ಪಟಪಟನೆ ಬದಲಾಗುವ ಸಣ್ಣ ವಿವರ ಎಷ್ಟು ಎಂದು ಲೆಕ್ಕ ಹಾಕುತ್ತದೆ. ತೀರಾ ಸಣ್ಣ ವಿವರಗಳ ಅಂಕಿಗಳನ್ನು ಒರಟಾಗಿ ದುಂಡು ಮಾಡುತ್ತದೆ. ಹಲವು ಸೊನ್ನೆಯೇ ಆಗಿಬಿಡುತ್ತವೆ. ಸೊನ್ನೆಗಳ ಸಾಲನ್ನು ಬರೆಯಲು ಜಾಗವೇ ಬೇಡ, ಅಲ್ವಾ? ಫೈಲ್ ಚಿಕ್ಕದಾಗುವುದು ಮುಖ್ಯವಾಗಿ ಇಲ್ಲಿಯೇ.

ಇದರ ಪರಿಣಾಮ ಮಲೆನಾಡಿನಲ್ಲಿ ಓಡಾಡಿದವರ ಫೋನಿನಲ್ಲೇ ಕಾಣುತ್ತದೆ. ಕೊಡಚಾದ್ರಿಯಲ್ಲಿ ಮಂಜು ಮುಚ್ಚಿದಾಗ ತೆಗೆದ ಫೋಟೊದ ಫೈಲ್ ಚಿಕ್ಕದು. ಅಲ್ಲೇ ಕೆಳಗೆ ಕಾಡಿನಲ್ಲಿ ಎಲೆ, ಪಾಚಿ, ಜರಿಗಿಡ ತುಂಬಿದ ಫೋಟೊದ ಫೈಲ್ ಅದರ ಎರಡು ಮೂರು ಪಟ್ಟು ಇದ್ದರೂ ಆಶ್ಚರ್ಯವಿಲ್ಲ. ಕ್ಯಾಮೆರಾ ಅದೇ, ಸೆಟ್ಟಿಂಗ್ ಅದೇ. ಮಂಜಿನಲ್ಲಿ ಬರೆದಿಡುವ ವಿವರ ಕಡಿಮೆ, ಎಲೆಗಳಲ್ಲಿ ವಿಪರೀತ.

ಹೆಚ್ಚು ಹಿಂಡಿದಾಗ ತೊಂದರೆ ಮೊದಲು ಕಾಣುವುದು ಆಕಾಶದಲ್ಲಿ. ಆಗುಂಬೆಯ ಸೂರ್ಯಾಸ್ತದಲ್ಲಿ ಕಿತ್ತಳೆಯಿಂದ ನೇರಳೆಗೆ ನಯವಾಗಿ ಜಾರಬೇಕಾದ ಬಣ್ಣ ಪಟ್ಟೆ ಪಟ್ಟೆಯಾಗುತ್ತದೆ, ಚೌಕಗಳ ಗುರುತು ಮೂಡುತ್ತದೆ. ಬೆಟ್ಟದ ಅಂಚಿನ ಸುತ್ತ ಸಣ್ಣ ಕಲೆಗಳು ಏಳುತ್ತವೆ. ಒಳ್ಳೆಯ ಗುಣಮಟ್ಟದಲ್ಲಿ ಉಳಿಸಿದ ಜೆಪೆಗ್‌ನಲ್ಲಿ ಇದು ಬರಿಗಣ್ಣಿಗೆ ಕಾಣುವುದೇ ಇಲ್ಲ. ಜೆಪೆಗ್ ಎಂದರೆ ಕಳಪೆ ಎಂದು ತಿಳಿಯಬೇಕಿಲ್ಲ.

ನೋಡಿದಷ್ಟೂ, ಕಾಪಿ ಮಾಡಿದಷ್ಟೂ ಜೆಪೆಗ್ ಕೆಡುತ್ತದೆ ಎಂಬ ತಪ್ಪು ತಿಳಿವಳಿಕೆ ತುಂಬಾ ಜನರಲ್ಲಿದೆ. ಜೆಪೆಗ್ ಅನ್ನು ಸುಮ್ನೆ ತೆರೆದು ನೋಡಿದರೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಾಪಿ ಮಾಡಿದರೆ ಏನೂ ಕೆಡುವುದಿಲ್ಲ. ಕೆಡುವುದು ತಿದ್ದಿ ಮತ್ತೆ ಸೇವ್ ಮಾಡಿದಾಗ. ಆಗ ಹಿಂಡುವ ಕೆಲಸ ಇನ್ನೊಮ್ಮೆ ನಡೆಯುತ್ತದೆ. ತಿದ್ದಿದ್ದನ್ನೇ ಮತ್ತೆ ತಿದ್ದುತ್ತಾ ಹೋದರೆ ನಷ್ಟ ಕೂಡುತ್ತಾ ಹೋಗುತ್ತದೆ. ಹಾಗಾಗಿ ಪ್ರತಿ ಸಲ ಮೂಲ ಫೈಲಿನಿಂದಲೇ ಶುರು ಮಾಡಿ, ತಿದ್ದಿದ್ದನ್ನು ಬೇರೆ ಹೆಸರಿನಲ್ಲಿ ಉಳಿಸಿ.

ರಾ ಫೈಲಿನಲ್ಲಿ ಜಾಸ್ತಿ ಇರುವುದು ಏನು?

ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು, ಅಂದರೆ ಕತ್ತಲೆಯಿಂದ ಬೆಳಕಿನವರೆಗೆ ಅಷ್ಟು ಹಂತ. ಮೂರೂ ಸೇರಿ 1 ಕೋಟಿ 67 ಲಕ್ಷ ಬಣ್ಣಗಳಾಗುತ್ತವೆ, ನೋಡುವುದಕ್ಕೆ ಧಾರಾಳವಾಯಿತು. ರಾ ಫೈಲ್ ಸಾಮಾನ್ಯವಾಗಿ 12 ಅಥವಾ 14 ಬಿಟ್‌ನದ್ದು. 12 ಬಿಟ್ ಎಂದರೆ 4096 ಮೆಟ್ಟಿಲು, 14 ಬಿಟ್ ಎಂದರೆ 16,384. ಸುಮ್ಮನೆ ನೋಡುವಾಗ ಈ ವ್ಯತ್ಯಾಸ ತಿಳಿಯುವುದಿಲ್ಲ. ತಿದ್ದಲು ಕೂತಾಗ ತಿಳಿಯುತ್ತದೆ. ಕತ್ತಲಾಗಿ ಬಂದ ಭಾಗವನ್ನು ಎತ್ತಿದರೆ ಜೆಪೆಗ್‌ನಲ್ಲಿ ಮೆಟ್ಟಿಲುಗಳ ನಡುವಿನ ಕಂದರ ಕಾಣತೊಡಗುತ್ತದೆ, ರಾ ಫೈಲಿನಲ್ಲಿ ಮೆಟ್ಟಿಲುಗಳು ಇನ್ನೂ ಒತ್ತೊತ್ತಾಗಿ ಉಳಿದಿರುತ್ತವೆ.

ಇನ್ನೊಂದು ಲಾಭ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿಯನ್ನು ಬಿಳಿಯಾಗಿ ತೋರಿಸುವ ಹೊಂದಾಣಿಕೆ. ಅಡಿಕೆ ತೋಟದೊಳಗೆ ನಿಂತು ಯಾರದಾದರೂ ಫೋಟೊ ತೆಗೆಯಿರಿ. ಸೋಗೆಯ ಮಧ್ಯದಿಂದ ಸೋಸಿ ಬರುವ ಬೆಳಕಿನಿಂದ ಮುಖಕ್ಕೆ ಹಸಿರು ಬಳಿದ ಹಾಗಾಗುತ್ತದೆ. ಜೆಪೆಗ್‌ನಲ್ಲಿ ಆ ಹಸಿರು ಆಗಲೇ ಒಳಗೆ ಇಳಿದಿರುತ್ತದೆ, ತೆಗೆಯಲು ಹೋದರೆ ಬೇರೆ ಬಣ್ಣಗಳೂ ಅಲುಗಾಡುತ್ತವೆ. ರಾ ಫೈಲಿನಲ್ಲಿ ವೈಟ್ ಬ್ಯಾಲೆನ್ಸ್ ಬರೀ ಒಂದು ಟಿಪ್ಪಣಿ. ಮನೆಗೆ ಬಂದು ಬದಲಿಸಿದರೂ ಏನೂ ಕಳೆದುಕೊಳ್ಳುವುದಿಲ್ಲ.

ರಾ ಎಂಬುದು ಒಂದೇ ಫಾರ್ಮ್ಯಾಟ್ ಅಲ್ಲ. ನಿಕಾನ್‌ನದು ಎನ್‌ಇಎಫ್, ಕ್ಯಾನನ್‌ನ ಹೊಸ ಕ್ಯಾಮೆರಾಗಳದು ಸಿಆರ್3, ಸೋನಿಯದು ಎಆರ್‌ಡಬ್ಲ್ಯೂ. ಹೊಸ ಕ್ಯಾಮೆರಾ ಬಂದಾಗ ಹಳೆಯ ತಂತ್ರಾಂಶಕ್ಕೆ ಅದರ ಫೈಲ್ ಅರ್ಥವಾಗದೇ ಇರಬಹುದು. ಈ ತೊಡಕಿಗೆ ಪರಿಹಾರವಾಗಿ ಅಡೋಬಿ ಕಂಪನಿ 2004ರಲ್ಲಿ ಡಿಎನ್‌ಜಿ ಎಂಬ ಎಲ್ಲರೂ ಬಳಸಬಹುದಾದ ಫಾರ್ಮ್ಯಾಟ್ ತಂದಿತು. ಫೋನುಗಳ ರಾ ಸಾಮಾನ್ಯವಾಗಿ ಇದರಲ್ಲೇ ಇರುತ್ತದೆ.

ರಾ ಫೈಲ್ ತೆರೆದಾಗ ಚಿತ್ರ ಸಪ್ಪೆಯಾಗಿ ಕಂಡರೆ ಗಾಬರಿ ಬೇಡ. ಅದಕ್ಕೆ ಇನ್ನೂ ಯಾರೂ ಬಣ್ಣ ಕೊಟ್ಟಿಲ್ಲ, ಅಷ್ಟೇ. ಕೊಡಲು ದುಬಾರಿ ತಂತ್ರಾಂಶವೇ ಬೇಕೆಂದೂ ಇಲ್ಲ. ಡಾರ್ಕ್‌ಟೇಬಲ್, ರಾಥೆರಪಿ ಎರಡೂ ಉಚಿತ. ಕ್ಯಾಮೆರಾ ಕಂಪನಿಗಳ ಸ್ವಂತ ತಂತ್ರಾಂಶಗಳೂ ಸಿಗುತ್ತವೆ.

ಮಂಡಗದ್ದೆಯ ಬೆಳ್ಳಕ್ಕಿ, ಸಕ್ರೆಬೈಲಿನ ಆನೆ

ಮಲೆನಾಡಿನ ಬೆಳಕು ಕ್ಯಾಮೆರಾಗೆ ಕಷ್ಟದ್ದು. ಮೇಲೆ ಬೆಳ್ಳಗೆ ಮೋಡ, ಕೆಳಗೆ ಕಪ್ಪೆನ್ನುವಷ್ಟು ದಟ್ಟ ಹಸಿರು. ಒಂದೇ ಚೌಕಟ್ಟಿನಲ್ಲಿ ಎರಡೂ ಬೇಕು. ಫಾರ್ಮ್ಯಾಟಿನ ಪ್ರಶ್ನೆ ಬಯಲುಸೀಮೆಗಿಂತ ಇಲ್ಲಿ ಹೆಚ್ಚು ಕಾಡುವುದು ಇದರಿಂದಲೇ ಎಂದು ನನ್ನ ಅನಿಸಿಕೆ.

ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಯಲ್ಲಿ, ತುಂಗೆಯ ನಡುವಿನ ನಡುಗಡ್ಡೆಯ ಮರಗಳಲ್ಲಿ ಮಳೆಗಾಲಕ್ಕೆ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಕಡು ಹಸಿರಿನ ಮಧ್ಯೆ ಹಾಲುಬಿಳಿ ಹಕ್ಕಿ. ಕ್ಯಾಮೆರಾ ಒಟ್ಟು ದೃಶ್ಯ ಕತ್ತಲೆ ಎಂದು ತಿಳಿದು ಬೆಳಕು ಹೆಚ್ಚಿಸುತ್ತದೆ. ಆಗ ಗರಿಗಳ ಎಳೆಯೆಲ್ಲ ಅಳಿಸಿಹೋಗಿ ಬರೀ ಬಿಳಿ ತೇಪೆ ಉಳಿಯುತ್ತದೆ. ರಾ ಇದ್ದರೆ ಅದರಲ್ಲಿ ಸ್ವಲ್ಪವನ್ನು ಹಿಂದಕ್ಕೆ ತರಬಹುದು. ಜೆಪೆಗ್ ಮಾಡುವಾಗ ಕ್ಯಾಮೆರಾ ಬಿಳಿ ಎಂದು ಕೈಬಿಟ್ಟ ಜಾಗದಲ್ಲೂ ಸೆನ್ಸರಿನ ಅಳತೆ ಎಷ್ಟೋ ಸಲ ಉಳಿದಿರುತ್ತದೆ. ಜೋಗದಲ್ಲಿ ರಾಜಾ ಧಾರೆಯ ನೊರೆಗೂ ಇದೇ ಮಾತು.

ಆದರೆ ಇದಕ್ಕೆ ಮಿತಿ ಇದೆ. ಗುಂಡಿ ತುಂಬಿ ತುಳುಕಿದ ಮೇಲೆ ಅಳತೆ ಎಂಬುದೇ ಇಲ್ಲ. ಅಲ್ಲಿ ರಾ ಕೂಡ ಏನೂ ಮಾಡಲಾರದು. ಹಾಗಾಗಿ ಕಡು ಹಿನ್ನೆಲೆಯಲ್ಲಿ ಬಿಳಿ ವಸ್ತು ಇರುವಾಗ ಕ್ಯಾಮೆರಾದ ಎಕ್ಸ್‌ಪೋಶರ್ ಅನ್ನು, ಅಂದರೆ ಒಳಗೆ ಬಿಡುವ ಬೆಳಕನ್ನು, ಸ್ವಲ್ಪ ಕೆಳಗೆ ಇಳಿಸಿಕೊಳ್ಳುವುದು ಯಾವ ಫಾರ್ಮ್ಯಾಟಿನಲ್ಲೂ ಬೇಕು. ಇನ್ನೊಂದು ಗಮನಿಸಿ. ಕ್ಯಾಮೆರಾ ಹಿಂದಿನ ಪರದೆಯಲ್ಲಿ ಕಾಣುವ ಹಿಸ್ಟೋಗ್ರಾಂ, ಅಂದರೆ ಚಿತ್ರದಲ್ಲಿ ಕತ್ತಲೆ ಎಷ್ಟು, ಬೆಳಕು ಎಷ್ಟು ಎಂದು ತೋರಿಸುವ ನಕ್ಷೆ, ಸಾಮಾನ್ಯವಾಗಿ ಜೆಪೆಗ್ ಲೆಕ್ಕದ್ದು. ರಾ ತೆಗೆಯುವಾಗಲೂ ಅದು ‘ಬಿಳಿ ಹೋಯಿತು’ ಎಂದು ಕೊಂಚ ಬೇಗನೇ ಎಚ್ಚರಿಸುತ್ತದೆ.

ಸಕ್ರೆಬೈಲಿನಲ್ಲಿ ತಿರುಗುಮುರುಗು. ನೀರಿಗಿಳಿದ ಆನೆ ಒದ್ದೆಯಾಗಿ ಕಪ್ಪಗೆ, ಸುತ್ತಲಿನ ನೀರು ಬೆಳಗಿನ ಬಿಸಿಲಿಗೆ ಹೊಳೆಯುತ್ತಾ. ಚರ್ಮದ ಸುಕ್ಕು, ಕಣ್ಣಿನ ಸುತ್ತಲಿನ ಗೆರೆ ಎಲ್ಲ ನೆರಳಿನಲ್ಲಿ ಮುಳುಗುತ್ತದೆ. ರಾ ಫೈಲಿನ ಹೆಚ್ಚಿನ ಮೆಟ್ಟಿಲುಗಳು ನಿಜಕ್ಕೂ ಕೆಲಸಕ್ಕೆ ಬರುವ ಜಾಗ ಇದು.

ಹಾಗಾದರೆ ಯಾವಾಗಲೂ ರಾ ತೆಗೆದರಾಯಿತೇ?

ಇಲ್ಲ. 24 ಮೆಗಾಪಿಕ್ಸೆಲ್‌ನ ರಾ ಫೈಲ್ ಏನೂ ಕಳೆಯದಂತೆ ಅಡಕ ಮಾಡಿದರೂ 25ರಿಂದ 30 ಎಂಬಿ ತೂಗುತ್ತದೆ. 64 ಜಿಬಿ ಕಾರ್ಡಿನಲ್ಲಿ ಜೆಪೆಗ್ ಆದರೆ ಆರು ಸಾವಿರ ಹಿಡಿಯುವ ಕಡೆ ರಾ ಎರಡು ಸಾವಿರದ ಆಸುಪಾಸು. ಮಂಡಗದ್ದೆಯಲ್ಲಿ ಹಾರುವ ಹಕ್ಕಿಗೆ ಒಂದೇ ಸಮ ಬಟನ್ ಒತ್ತಿ ಹಿಡಿದರೆ ಕ್ಯಾಮೆರಾದ ಒಳ ಮೆಮೊರಿ ರಾ ಫೈಲುಗಳಿಂದ ಬೇಗ ತುಂಬುತ್ತದೆ. ಕಾರ್ಡಿಗೆ ಬರೆದು ಮುಗಿಯುವವರೆಗೆ ವೇಗ ಕುಸಿಯುತ್ತದೆ. ಹಕ್ಕಿ ಮೀನು ಎತ್ತುವ ಹೊತ್ತಿಗೆ ಕ್ಯಾಮೆರಾ ಏದುಸಿರು ಬಿಡುತ್ತಿರುತ್ತದೆ. ಅಂಥ ಕಡೆ ಜೆಪೆಗ್ ತೆಗೆಯುವುದರಲ್ಲಿ ತಪ್ಪೇನೂ ಇಲ್ಲ.

ಹೊತ್ತಿಗೆ ಸರಿಯಾಗಿ ಫೋಟೊ ತಲುಪಿಸಬೇಕಾದವರಿಗೂ ಜೆಪೆಗ್ಗೇ ಸರಿ. ರಾಯಿಟರ್ಸ್ ಸುದ್ದಿಸಂಸ್ಥೆ 2015ರಲ್ಲಿ ತನ್ನ ಹೊರಗಿನ ಛಾಯಾಗ್ರಾಹಕರಿಗೆ, ರಾ ಫೈಲಿನಿಂದ ತಯಾರಿಸಿದ ಫೋಟೊ ಬೇಡ, ಕ್ಯಾಮೆರಾದಲ್ಲೇ ಜೆಪೆಗ್ ಆಗಿ ಬಂದದ್ದನ್ನು ಕಳಿಸಿ ಎಂದಿತು. ಬೇಗ ತಲುಪಬೇಕು, ತಿದ್ದುಪಡಿ ಕಡಿಮೆ ಇರಬೇಕು ಎಂಬುದು ಅದರ ಕಾರಣ. ವನ್ಯಜೀವಿ ಸ್ಪರ್ಧೆಗಳದು ಉಲ್ಟಾ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ಸ್ಪರ್ಧೆಯಲ್ಲಿ ಕೊನೆಯ ಸುತ್ತಿಗೆ ಬಂದವರು ಮೂಲ ಫೈಲ್ ತೋರಿಸಬೇಕು. ರಾ ಫೈಲನ್ನು ಗುಟ್ಟಾಗಿ ತಿದ್ದುವುದು ಕಷ್ಟ, ಹಾಗಾಗಿ ಅದು ಸಾಕ್ಷಿ ಇದ್ದ ಹಾಗೆ. ಪ್ರಾಮಾಣಿಕತೆಗಾಗಿ ಒಬ್ಬರು ಜೆಪೆಗ್ ಕೇಳಿದರೆ, ಅದೇ ಪ್ರಾಮಾಣಿಕತೆಗಾಗಿ ಇನ್ನೊಬ್ಬರು ರಾ ಕೇಳುತ್ತಾರೆ.

ಎರಡೂ ಬೇಕೆನಿಸಿದರೆ ಬಹುತೇಕ ಕ್ಯಾಮೆರಾಗಳಲ್ಲಿ ರಾ ಜೊತೆಗೆ ಜೆಪೆಗ್ ಉಳಿಸುವ ಆಯ್ಕೆ ಇದೆ. ಈಗಷ್ಟೇ ಕ್ಯಾಮೆರಾ ಕೊಂಡವರಿಗೆ ನಾನು ಹೇಳುವುದು ಇದನ್ನೇ. ಇವತ್ತು ಜೆಪೆಗ್ ಹಂಚಿಕೊಳ್ಳಿ, ತಿದ್ದಲು ಕಲಿತ ಮೇಲೆ ರಾ ಕಡೆ ಬನ್ನಿ. ಆ ಹೊತ್ತಿಗೆ ಫೈಲ್ ಇರಬೇಕಲ್ಲ.

ಸ್ಟುಡಿಯೋದಲ್ಲಿ ತೆರೆಯದ ಎಚ್‌ಇಐಸಿ

ಐಫೋನುಗಳು 2017ರಿಂದ, ಐಒಎಸ್ 11 ಬಂದಾಗಿನಿಂದ, ಫೋಟೊಗಳನ್ನು ಎಚ್‌ಇಐಸಿ ಆಗಿ ಉಳಿಸುತ್ತಿವೆ. ಇದು ಹೀಫ್ ಎಂಬ ಮಾನದಂಡದ ಒಂದು ರೂಪ. ವಿಡಿಯೊ ಹಿಂಡಲು ಕಂಡುಹಿಡಿದ ಜಾಣತನವನ್ನು ಇದು ಫೋಟೊಗೂ ಬಳಸುತ್ತದೆ. ಹೆಚ್ಚುಕಡಿಮೆ ಅಷ್ಟೇ ಗುಣಮಟ್ಟಕ್ಕೆ ಜೆಪೆಗ್‌ನ ಸುಮಾರು ಅರ್ಧ ಜಾಗ ಸಾಕು. ಕೆಲವು ಆಂಡ್ರಾಯ್ಡ್ ಫೋನುಗಳಲ್ಲೂ, ಹೊಸ ಕ್ಯಾಮೆರಾಗಳಲ್ಲೂ ಈ ಆಯ್ಕೆ ಇದೆ.

ಫೋಟೊ ಚೆನ್ನಾಗಿಯೇ ಇರುತ್ತದೆ, ಓದುವವರು ಕಡಿಮೆ ಎಂಬುದೇ ತೊಂದರೆ. ವಿಂಡೋಸ್ ಕಂಪ್ಯೂಟರಿನಲ್ಲಿ ಅದಕ್ಕೆ ಬೇಕಾದ ಹೆಚ್ಚುವರಿ ತಂತ್ರಾಂಶ ಇಲ್ಲದಿದ್ದರೆ ಫೈಲ್ ತೆರೆಯುವುದಿಲ್ಲ. ಹಳೆಯ ಪ್ರಿಂಟಿಂಗ್ ತಂತ್ರಾಂಶಗಳಿಗೂ ಇದು ಗೊತ್ತಿಲ್ಲ. ಫೈಲಿನ ಹೆಸರಿನ ಕೊನೆಯನ್ನು ಅಳಿಸಿ ಜೆಪೆಗ್ ಎಂದು ಬರೆದರೆ ಫಾರ್ಮ್ಯಾಟ್ ಬದಲಾಗುವುದಿಲ್ಲ, ಒಳಗಿರುವುದು ಹಾಗೇ ಇರುತ್ತದೆ. ಸರಿಯಾಗಿ ಪರಿವರ್ತಿಸಿಯೇ ಕೊಡಬೇಕು. ಮೊದಲಿನಿಂದಲೇ ಜೆಪೆಗ್ ಬೇಕಿದ್ದರೆ ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್, ಅಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿ. ಫೋನಿನಲ್ಲೇ ನೋಡುತ್ತೀರಿ, ಪ್ರಿಂಟ್ ಅಪರೂಪ ಎಂದಾದರೆ ಎಚ್‌ಇಐಸಿ ಇರಲಿ, ಜಾಗ ಉಳಿಯುತ್ತದೆ.

ಫೋನಿನ ರಾ ಬೇರೆಯೇ ಕಥೆ. ಇಂದಿನ ಫೋನು ಒಂದು ಸಲ ಒತ್ತಿದರೆ ಹಲವು ಚಿತ್ರ ತೆಗೆದು, ಬೆರೆಸಿ, ಒಂದು ಫೋಟೊ ಮಾಡುತ್ತದೆ. ಸಾದಾ ರಾ ಆರಿಸಿದರೆ ಆ ಬೆರಕೆ ಇರುವುದಿಲ್ಲ. ಸಣ್ಣ ಸೆನ್ಸರಿನ ಮರಳುಮರಳು ಕಲೆಗಳೆಲ್ಲ ಎದ್ದು ಕಾಣುತ್ತವೆ. ಸಂಜೆ ಮಬ್ಬಿನಲ್ಲಿ ಫೋನಿನ ಜೆಪೆಗ್ಗೇ ರಾಗಿಂತ ಚೆಂದ ಬರುವುದು ಹೀಗೆ. ಆ್ಯಪಲ್ 2020ರಲ್ಲಿ ತಂದ ಪ್ರೊರಾ ಎರಡನ್ನೂ ಸೇರಿಸಲು ನೋಡುತ್ತದೆ: ಬೆರೆಸಿದ ಚಿತ್ರವನ್ನೇ ತಿದ್ದಲು ಜಾಗ ಇರುವಂತೆ ಡಿಎನ್‌ಜಿ ಆಗಿ ಉಳಿಸುತ್ತದೆ. 12 ಮೆಗಾಪಿಕ್ಸೆಲ್‌ಗೆ ಸುಮಾರು 25 ಎಂಬಿ, 48ಕ್ಕೆ ಸುಮಾರು 75 ಎಂಬಿ.

ಪಿಎನ್‌ಜಿ, ಟಿಫ್ ಎಲ್ಲಿ ಬೇಕು?

ಪಿಎನ್‌ಜಿ ಏನನ್ನೂ ಬಿಡದೆ ಅಡಕ ಮಾಡುತ್ತದೆ. ಅಕ್ಷರ, ಗೆರೆ, ಒಂದೇ ಬಣ್ಣದ ಜಾಗ ಇರುವಲ್ಲಿ ಇದಕ್ಕೆ ಸಾಟಿ ಇಲ್ಲ: ಸ್ಕ್ರೀನ್‌ಶಾಟ್, ಲಗ್ನಪತ್ರಿಕೆ, ಯಕ್ಷಗಾನದ ಪೋಸ್ಟರ್. ಕಾಡಿನ ಫೋಟೊವನ್ನು ಪಿಎನ್‌ಜಿ ಮಾಡಿದರೆ ಫೈಲ್ ಊದಿಕೊಳ್ಳುತ್ತದೆ ಅಷ್ಟೇ. ಜೆಪೆಗ್ ಕಳೆದುಕೊಂಡದ್ದು ಪಿಎನ್‌ಜಿ ಮಾಡಿದರೆ ಮರಳಿ ಬರುವುದಿಲ್ಲ.

ಟಿಫ್ 1986ರಿಂದ ಇದೆ. ಪ್ರತಿ ಬಣ್ಣಕ್ಕೆ 16 ಬಿಟ್ ಇಟ್ಟು ಉಳಿಸಿದರೆ 24 ಮೆಗಾಪಿಕ್ಸೆಲ್‌ನ ಒಂದೇ ಫೋಟೊ 144 ಎಂಬಿ. ದಿನನಿತ್ಯಕ್ಕೆ ಬೇಡ. ಆದರೆ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಅಜ್ಜ ಅಜ್ಜಿಯ ಕಪ್ಪುಬಿಳುಪು ಫೋಟೊ ಇದ್ದರೆ, ತಾಳೆಗರಿ ಇದ್ದರೆ, ಸ್ಕ್ಯಾನ್ ಮಾಡಿಸುವಾಗ ಟಿಫ್‌ನಲ್ಲೇ ಕೇಳಿ. ಮಲೆನಾಡಿನ ತೇವ, ಬೂಷ್ಟು, ಗೆದ್ದಲಿಗೆ ಆ ಕಾಗದ ಎಷ್ಟು ದಿನ ತಡೆಯುತ್ತದೋ ಹೇಳಲಾಗದು. ಸ್ಕ್ಯಾನ್ ಮಾಡಿಸುವ ಅವಕಾಶ ಮತ್ತೊಮ್ಮೆ ಸಿಗದೇ ಹೋಗಬಹುದು.

ಕಳಿಸುವಾಗ, ಪ್ರಿಂಟ್ ಹಾಕಿಸುವಾಗ

ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿ, ಮತ್ತೆ ಹಿಂಡಿ ಕಳಿಸುತ್ತದೆ. 2023ರಲ್ಲಿ ಬಂದ ಎಚ್‌ಡಿ ಆಯ್ಕೆ ಸ್ವಲ್ಪ ಮೇಲು, ಆದರೂ ಮೂಲ ಫೈಲ್ ಅಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ. ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಚುಕ್ಕೆ ಎಂಬ ಲೆಕ್ಕ ಇಟ್ಟುಕೊಳ್ಳಿ. ಉದ್ದದ ಬದಿಯಲ್ಲಿ 6000 ಚುಕ್ಕೆ ಇದ್ದರೆ 20 ಇಂಚು. 1600 ಮಾತ್ರ ಉಳಿದಿದ್ದರೆ 5 ಇಂಚು ದಾಟುವುದೇ ಕಷ್ಟ. ಗೋಡೆಯ ಫೋಟೊ ಮಸುಕಾಗುವುದು ಹೀಗೆ. ಮದುವೆ ಆಲ್ಬಂ ಮಾಡಿಸುವಾಗ ಸ್ಟುಡಿಯೋದವರ ಹತ್ತಿರ ಪೂರ್ತಿ ಗಾತ್ರದ ಜೆಪೆಗ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಕೊಡಿ ಎಂದು ಮೊದಲೇ ಮಾತಾಡಿಕೊಳ್ಳಿ.

ಅರ್ಜಿಗೆ 50 ಕೆಬಿ ಫೋಟೊ ಬೇಕಾದಾಗ ಗುಣಮಟ್ಟವನ್ನು ಒಮ್ಮೆಲೇ ಇಳಿಸಬೇಡಿ. ಮೊದಲು ಅವರು ಕೇಳಿದ ಅಳತೆಗೆ ಚಿತ್ರವನ್ನು ಚಿಕ್ಕದು ಮಾಡಿ. ಅಷ್ಟಕ್ಕೇ ಫೈಲ್ ಬಹುಪಾಲು ಇಳಿದಿರುತ್ತದೆ, ಮುಖವೂ ಸ್ಪಷ್ಟವಾಗಿರುತ್ತದೆ.

ಫೋಟೊ ಜೊತೆಗೆ ಜಾಗದ ಗುರುತೂ ಹೋಗುತ್ತದೆ

ಜೆಪೆಗ್, ಎಚ್‌ಇಐಸಿ, ರಾ ಎಲ್ಲದರೊಳಗೂ ಎಕ್ಸಿಫ್ ಎಂಬ ಟಿಪ್ಪಣಿ ಇರುತ್ತದೆ. ಕ್ಯಾಮೆರಾ ಯಾವುದು, ಎಷ್ಟು ಹೊತ್ತಿಗೆ ತೆಗೆದದ್ದು ಎಂಬ ವಿವರ ಅದರಲ್ಲಿ ಬರುತ್ತದೆ. ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ನೀವು ನಿಂತಿದ್ದ ಜಾಗವೂ ಬರುತ್ತದೆ. ಕೆಲವೇ ಮೀಟರ್ ಆಚೀಚೆ ಇರಬಹುದು, ಅಷ್ಟೇ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದಾಗ ಇದು ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದಾಗ, ಮೂಲ ಫೈಲನ್ನೇ ಡ್ರೈವ್‌ಗೆ ಹಾಕಿ ಹಂಚಿದಾಗ ಉಳಿದಿರುತ್ತದೆ. ಗುಣಮಟ್ಟ ಉಳಿಸುವ ದಾರಿಯೇ ಜಾಗವನ್ನೂ ಹೇಳಿಬಿಡುತ್ತದೆ.

ಮನೆಯ ಅಂಗಳದ ಫೋಟೊ ಆದರೂ ಯೋಚಿಸಬೇಕಾದ ವಿಷಯ ಇದು. ಕಾಡಿನಲ್ಲಂತೂ ಇನ್ನೂ ಗಂಭೀರ. ಆಗುಂಬೆ ಸುತ್ತ ಕಾಳಿಂಗ ಸರ್ಪ ಮಳೆಗಾಲಕ್ಕೆ ಮುಂಚೆ ತರಗೆಲೆ ಗುಡ್ಡೆ ಮಾಡಿ ಮೊಟ್ಟೆ ಇಡುತ್ತದೆ. ಮಂಗಟ್ಟೆ ಹಕ್ಕಿ ಗೂಡು ಮಾಡುವ ಮರದ ಪೊಟರೆಗೆ ವರ್ಷವರ್ಷವೂ ಮರಳುವುದುಂಟು. ಅಂಥ ಜಾಗದ ಗುರುತು ಒಮ್ಮೆ ಹರಡಿದರೆ ಜನ ಅಲ್ಲಿಗೆ ನುಗ್ಗುತ್ತಾರೆ. ಗೂಡಿನ, ಮೊಟ್ಟೆಯ, ಅಪರೂಪದ ಆರ್ಕಿಡ್ ಗಿಡದ ಫೋಟೊ ತೆಗೆಯುವ ಮೊದಲೇ ಕ್ಯಾಮೆರಾ ಆ್ಯಪಿನ ಲೊಕೇಶನ್ ಅನುಮತಿಯನ್ನು ಆಫ್ ಮಾಡಿ. ಈಗಾಗಲೇ ತೆಗೆದಿದ್ದರೆ ಹಂಚುವಾಗ ಲೊಕೇಶನ್ ಬಿಟ್ಟು ಕಳಿಸುವ ಆಯ್ಕೆ ಐಫೋನಿನ ಶೇರ್ ಪರದೆಯಲ್ಲಿ, ‘ಆಪ್ಷನ್ಸ್’ ಒಳಗೆ ಇದೆ. ಕಂಪ್ಯೂಟರಿನಲ್ಲಾದರೆ ವಿಂಡೋಸ್‌ನಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಡೀಟೇಲ್ಸ್ ಒಳಗೆ ಹೋದರೆ ಜೆಪೆಗ್‌ನ ಈ ವಿವರಗಳನ್ನು ತೆಗೆದ ಇನ್ನೊಂದು ಪ್ರತಿ ಮಾಡಿಕೊಳ್ಳಬಹುದು. ಹಂಚಲು ಆ ಪ್ರತಿ ಸಾಕು, ಮೂಲ ಫೈಲ್ ನಿಮ್ಮ ಹತ್ತಿರವೇ ಇರಲಿ.